ಸೀಟಿಯಾದ ಮೇಲೆ

ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆ.
ಕೆಳಗೆ ಐಸ್ ಪುಡಿ ಮಾಡುವ ಯಂತ್ರ ಶುರುವಾದರೆ
ವಿಚಾರಣೆ ನಿಲ್ಲುತ್ತದೆ;
ಯಂತ್ರ ನಿಂತರೆ, ಮತ್ತೆ ಮೊದಲಿಂದ.
ನಾನು ಠರಾವು ಬರೆಯುವವ. ನನಗೆ ಮತವಿಲ್ಲ.
ಒಂದು ಪೆನ್ನು, ಒಂದು ಚಹಾ.

ಪಂಚರು ಮೂವರು:
ಪೀಟಿ ಮಾಸ್ತರಕಿ ಮುಗಿಸಿದ ಪುರ್ಸು ನಾಯ್ಕರು,
ಡೀಸೆಲ್ ಪಂಪಿನ ಕುಡ್ತರಕರ,
ಎಡಗಿವಿ ಕೇಳದ ಮಿಂಗೇಲ ಫರ್ನಾಂಡಿಸ್.
ಅವರನ್ನು ಎಡತುದಿಗೆ ಕೂರಿಸಿದ್ದೇವೆ,
ಹೇಳಿಕೆ ಬಲಗಿವಿಗೆ ಬೀಳಲೆಂದು.

ಜಿಲ್ಲೆಯಿಂದ ಈ ವರ್ಷ ಹೊಸ ಫಾರ್ಮು ಬಂದಿದೆ.
ತಾಗಿದ್ದೆಲ್ಲಿ: ಮೈಗೆ, ಕತ್ತಿಗೆ, ತಲೆಗೆ.
ತಾಗಿಸಿದ್ದು ಹೇಗೆ: ಬೇಕಂತಲೇ, ಎಚ್ಚರಗೇಡಿಯಾಗಿ.
ಪೆಟ್ಟು: ಹಗುರ, ಮಧ್ಯಮ, ಭಾರಿ.
ಗೀಟು ಹಾಕುತ್ತ ಹೋದರೆ
ಎಷ್ಟು ಪಂದ್ಯ ಹೊರಗೆ ಎಂಬುದು ತಾನಾಗಿ ಬರುತ್ತದಂತೆ,
ತಕ್ಕಡಿಯಲ್ಲಿ ಬಂಗಡೆ ಬಂದ ಹಾಗೆ.

ಅಲ್ಲ, ಕಬಡ್ಡಿಯಲ್ಲಿ ತಾಗುವುದೇ ಆಟವಲ್ಲವೆ?
ಮುಟ್ಟಿ ಓಡಿದವನಿಗೆ ಒಂದು ಅಂಕ,
ಹಿಡಿದು ಬಿಡದವನಿಗೆ ಒಂದು.

ಆರೋಪಿ ಜಟ್ಟು ಹರಿಕಂತ್ರ, ಇಪ್ಪತ್ಮೂರು,
ಎಡಮೂಲೆಯಲ್ಲಿ ಆಡುವವ,
ಬೆಳಿಗ್ಗೆ ರಂಪಣಿ ಎಳೆದು
ಅದೇ ಉಪ್ಪು ಕೈಯಲ್ಲಿ ಬಂದಿದ್ದಾನೆ.
ಎದುರಿಗೆ ಚಿತ್ತಾಕುಲದ ಸಾಯೀಶ,
ಬೋಟಿನ ಇಂಜಿನ್ ಬಿಚ್ಚಿ ಕೂಡಿಸುವವ.
ಬಲಗೈ ಜೋಳಿಗೆಯಲ್ಲಿದೆ,
ಭುಜದೆಲುಬು ಎರಡು ತುಂಡು.

ಕುಡ್ತರಕರರ ಮೊಬೈಲಿನಲ್ಲಿ ಹನ್ನೊಂದು ಸೆಕೆಂಡು.
ಒಮ್ಮೆ ನೋಡಿದರು. ಆಮೇಲೆ ನಿಧಾನಕ್ಕೆ ಓಡಿಸಿದರು.
ನಿಧಾನ ಮಾಡಿದರೆ ಎಲ್ಲವೂ ಬೇಕಂತಲೇ:
ರೆಪ್ಪೆ ಬಡಿದದ್ದು ಸಂಚು,
ಕಾಲು ಜಾರಿದ್ದರಲ್ಲೂ ಒಂದು ಯೋಚನೆ.
ನನ್ನವ್ವ ನನ್ನ ನೆತ್ತಿಗೆ ಎಣ್ಣೆ ತಟ್ಟಿದ್ದನ್ನು
ಹೀಗೆ ಓಡಿಸಿದ್ದರೆ
ಅವಳಿಗೂ ಎರಡು ಪಂದ್ಯ ಬೀಳುತ್ತಿತ್ತು.

‘ಇಲ್ಲಿ ಸೀಟಿ’ ಎಂದು ಬೆರಳಿಟ್ಟರು ಮಾಸ್ತರರು.
ಸೀಟಿ ಕಾಣುವುದಿಲ್ಲ, ರೆಫರಿಯ ಕೆನ್ನೆ ಉಬ್ಬಿದೆ ಅಷ್ಟೆ.
ಅಲ್ಲಿಂದ ಜಟ್ಟುವಿನ ತೋಳು ಸಡಿಲುವವರೆಗೆ
ಎರಡು ಸೆಕೆಂಡು.
ಆ ಎರಡರೊಳಗೆ ಒಂದು ಎಲುಬು.

‘ಸೀಟಿ ಕೇಳ್ತೇನೋ?’
ಗಾಳಿಯಿತ್ತು ಅನ್ನು, ಕಡಲ ಸದ್ದಿತ್ತು ಅನ್ನು ಎಂದು
ಕ್ಲಬ್ಬಿನವರು ಕಲಿಸಿ ಕಳಿಸಿದ್ದರು.
‘ಕೇಳ್ತು’ ಅಂದ.
‘ಮತ್ಯಾಕೆ ಬಿಡ್ಲಿಲ್ಲ?’

ಆಗ ಕೆಳಗೆ ಯಂತ್ರ ಶುರುವಾಯಿತು.
ಮೇಜು ನಡುಗಿತು, ಚಹಾದಲ್ಲಿ ಉಂಗುರಗಳೆದ್ದವು.
ಅವನ ತುಟಿ ಅಲುಗಿತು. ಪಕ್ಕದಲ್ಲಿದ್ದವ ನಾನೊಬ್ಬ.
‘ಬಿಡೂಕೆ ಮನಸಾಗ್ಲಿಲ್ಲ.’

ಯಂತ್ರ ನಿಂತಿತು. ಮಿಂಗೇಲರು ಬಲಗಿವಿ ಮುಂದೆ ಚಾಚಿ
‘ಏನಂದೆ?’ ಎಂದರು.
‘ಹಗ್ಗ ಎಳೆಯೋ ಕೈ, ಮಾಸ್ತರೇ.
ಬಿಟ್ಟವಗೆ ಪಾಲಿಲ್ಲ ಅಂತ ಕಲಿತದ್ದು.
ಬಿಡೂಕೆ ತಡ ಆಯ್ತು.’
ಮೂವರೂ ತಲೆಯಾಡಿಸಿದರು.
ನಾನು ಎರಡನೆಯದನ್ನು ಬರೆದೆ.
ಅದೂ ಸುಳ್ಳೇನಲ್ಲ.

(ಕೋಡಿಬಾಗದಲ್ಲಿ ಒಬ್ಬನ ಕಿರುಬೆರಳು
ಇವತ್ತಿಗೂ ಮಡಚುವುದಿಲ್ಲ.
ಆಗ ಮೊಬೈಲಿರಲಿಲ್ಲ, ಫಾರ್ಮಿರಲಿಲ್ಲ.
ಸಂತೆಯಲ್ಲಿ ಸಿಕ್ಕರೆ
ನಾನೇ ಮೊದಲು ನಗುತ್ತೇನೆ.)

ಸಾಯೀಶನದೇನು ಹೇಳಿಕೆ?
ಅವನು ಬಹಳ ಹೊತ್ತು ಗೋಡೆಯ ಕ್ಯಾಲೆಂಡರು ನೋಡಿದ.
‘ಅವ ಬಿಟ್ಟಿರಲಿಲ್ಲ, ಹೌದು.
ನಾನೂ ಕಬಡ್ಡಿ ಕಬಡ್ಡಿ ಅನ್ನೋದು ನಿಲ್ಲಿಸಿರಲಿಲ್ಲ.
ಸೀಟಿಯಾಗಿತ್ತು. ಉಸಿರು ಮುಗಿದಿರಲಿಲ್ಲ.’
ಮಾಸ್ತರರು ಫಾರ್ಮನ್ನು ತಿರುವಿ ಹಿಂಬದಿ ನೋಡಿದರು.
ಖಾಲಿ.

ಮೈಗೆ. ಎಚ್ಚರಗೇಡಿಯಾಗಿ. ಭಾರಿ.
ಮೂರು ಪಂದ್ಯ ಹೊರಗೆ, ಆಸ್ಪತ್ರೆಯ ಅರ್ಧ ಖರ್ಚು.
‘ಇಬ್ಬರೂ ಸಹಿ ಹಾಕಿ.’

ಸಾಯೀಶ ಎಡಗೈಯಲ್ಲಿ ಪೆನ್ನು ಹಿಡಿದ.
ಕಾಗದ ಜಾರಿತು, ಸಾಯೀಶದ ಸಾ ಓರೆಯಾಯಿತು.
ಜಟ್ಟು ಏಳದೆ, ಕೂತಲ್ಲಿಂದಲೇ ಕೈ ಚಾಚಿ
ಕಾಗದದ ಅಂಚನ್ನು ಅಂಗೈಯಲ್ಲಿ ಒತ್ತಿ ಹಿಡಿದ.
ಯಾರೂ ಮಾತಾಡಲಿಲ್ಲ.
ಸಹಿ ಮುಗಿಯಿತು.
ಕೈ ಅಲ್ಲೇ ಇತ್ತು.
ಸಾಯೀಶ ಎಳೆಯಬೇಕಾಯಿತು.